ಎರಡನೇ ಬ್ರೇಕು

"ಇದನ್ನ ಕಿತ್ತುಹಾಕ್ಲಾ ಮೇಡಂ?" ಪಕ್ಕದ ಸೀಟಿನ ಮುಂದಿದ್ದ ಇನ್ನೊಂದು ಬ್ರೇಕಿಗೆ ಸ್ಪ್ಯಾನರ್ ತಾಗಿಸಿ ಮೆಕ್ಯಾನಿಕ್ ಕೇಳಿದ. ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ಆರೇ ತಿಂಗಳಿಗೆ ಅವಳು ಕೊಂಡದ್ದು ಡ್ರೈವಿಂಗ್ ಸ್ಕೂಲಿನವರು ಮಾರಿದ ಹಳೇ ಕಾರು. ಅದರಲ್ಲೇ ಅಪ್ಪ ಇಪ್ಪತ್ತು ವರ್ಷ ಊರಿಗೆಲ್ಲ ಡ್ರೈವಿಂಗ್ ಕಲಿಸಿದ್ದರು.

"ಬೇಡ, ಇರ್ಲಿ. ಅದಿಲ್ದಿದ್ರೆ ನಮ್ಮಪ್ಪ ಹತ್ತೋದೇ ಇಲ್ಲ."

ಬ್ರೇಕಿನ ರಬ್ಬರು ಅಪ್ಪನ ಕಾಲಿಗೆ ಸವೆದು ನುಣ್ಣಗಾಗಿತ್ತು. ಚಿಕ್ಕವಳಿದ್ದಾಗ ಶಾಲೆ ಬಿಟ್ಟಮೇಲೆ ಹಿಂದೆ ಕೂತು, ಸೀಟುಗಳ ನಡುವೆ ತಲೆ ತೂರಿಸಿ ಆ ಕಾಲನ್ನೇ ನೋಡುತ್ತಿದ್ದಳು. "ಭಯ ಬೇಡ, ಆರಾಮಾಗಿ ಓಡ್ಸಿ" ಎಂದು ಬಾಯಿ ಹೇಳುತ್ತಿದ್ದರೂ ಕಾಲು ಮಾತ್ರ ಯಾರನ್ನೂ ನಂಬುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೂ, ಅಷ್ಟೇ ಏಕೆ, ಟಿವಿಯಲ್ಲಿ ಕಾರು ಓಡಿದರೂ ಅದು ನೆಲವನ್ನು ಒತ್ತುತ್ತಿತ್ತು. ಮನೆಯವರೆಲ್ಲ ಬಿದ್ದುಬಿದ್ದು ನಗುತ್ತಿದ್ದರು.

ಸಂಜೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ದಿನಾ ಕಲಿಸುತ್ತಿದ್ದ ರಸ್ತೆಗೇ ಕಾರು ತಂದಳು. ತಿರುವಿನಲ್ಲಿ ಲಾರಿಯೊಂದು ಅಡ್ಡ ಬಂತು. ತಟ್ಟನೆ ಬ್ರೇಕ್ ಒತ್ತಿದಳು. ಕಾರು ನಿಂತದ್ದೇ ಹಳೇ ಅಭ್ಯಾಸದಂತೆ ಅಪ್ಪನ ಕಾಲಿನತ್ತ ಕಣ್ಣು ಹೋಯಿತು.

ಎರಡನೇ ಬ್ರೇಕಿನ ಮುಂದೆ ಬರೀ ಚಪ್ಪಲಿಗಳಿದ್ದವು. ಅಪ್ಪ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ಕಿಟಕಿಯಾಚೆ ನೋಡುತ್ತ ಕೂತಿದ್ದರು.

"ಅಲ್ಲ ಪುಟ್ಟೀ, ಈ ರಸ್ತೇಲಿ ಇಷ್ಟೊಂದು ಮರ ಇದ್ಯಾ!"