ಆರು ದಿನದ ತಿರುಗಾಟ

"ನಾ ಇವತ್ತ ಸೇಡಂಗೆ ಬರಂಗಿಲ್ಲ. ಇಲ್ಲೇ ಇಳೀತೀನಿ," ಎಂದವರೇ ವೆಂಕಟೇಶ ಮಾಸ್ತರರು ಚಿತ್ತಾಪುರ ನಿಲ್ದಾಣದಲ್ಲಿ ರೈಲಿನಿಂದ ಇಳಿದೇಬಿಟ್ಟರು.

ಅಳಿಯ ಗೋಪಾಲ ಬಾಗಿಲಲ್ಲಿ ನಿಂತು ಕೂಗಿದ. "ಮಾವಾರ, ಹತ್ರಿ! ಗಾಡಿ ಬಿಡ್ತದ!"

"ಬಿಡಲಿ. ನಾ ಇಲ್ಲಿ ನಾಗಾವಿಯ ಹಳೇ ಗುಡಿ ನೋಡ್ತೀನಿ."

ಗೋಪಾಲನೂ ಧುಮುಕಬೇಕಾಯಿತು. ಅವನ ಮುಖದ ಬಣ್ಣ ಇಳಿದದ್ದನ್ನು ಮಾಸ್ತರರು ಗಮನಿಸಿದರು.

ಸುಲೇಪೇಟದಲ್ಲಿ ಮೂವತ್ತು ವರ್ಷ ಚರಿತ್ರೆ ಕಲಿಸಿ ನಿವೃತ್ತರಾದ ಮಾಸ್ತರರು ಹೆಂಡತಿ ರುಕ್ಮಿಣಿಬಾಯಿಯೊಂದಿಗೆ ವಾಡಿಯಲ್ಲಿದ್ದ ಮಗಳು ಭಾಮಾಳ ಮನೆಗೆ ಬಂದದ್ದು ಉಂಡು ಮಲಗುವುದಕ್ಕೆ. ಆದರೆ ರೈಲ್ವೆ ಬುಕಿಂಗ್ ಕ್ಲಾರ್ಕ್ ಆಗಿದ್ದ ಅಳಿಯ ದಿನವೂ ಬೆಳಿಗ್ಗೆ ಏಳಕ್ಕೇ ಚಪ್ಪಲಿ ಮೆಟ್ಟಿ ನಿಲ್ಲುತ್ತಿದ್ದ. ಒಂದು ದಿನ ಸನ್ನತಿ, ಒಂದು ದಿನ ಮಳಖೇಡ, ಮರುದಿನ ಶಹಾಬಾದಿನ ಆಚೆ ಯಾವುದೋ ಹಾಳು ಗುಡಿ. ಎಪ್ಪತ್ನಾಲ್ಕರ ಏಪ್ರಿಲ್ ಬಿಸಿಲಿಗೆ ಕಲ್ಲುಗಳು ಹೆಂಚಿನಂತೆ ಕಾದಿದ್ದವು. ಬಸ್ಸು ತಪ್ಪಿತು, ಚಪ್ಪಲಿಯ ಉಂಗುಷ್ಠ ಕಿತ್ತಿತು, ಹಿಮ್ಮಡಿಗೆ ಬೊಬ್ಬೆ ಎದ್ದಿತು. ಮೈ ಚಾಚಲು ಸಿಕ್ಕಿದ್ದು ಭಾನುವಾರ ಒಂದೇ.

ರುಕ್ಮಿಣಿಬಾಯಿ ಒಂದು ದಿನವೂ ಜೊತೆಗೆ ಬರಲಿಲ್ಲ. ಮೊಣಕಾಲು ನೋವಂತೆ. ಮಳಖೇಡದ ಟೀಕಾರಾಯರ ವೃಂದಾವನದ ದರ್ಶನಕ್ಕೂ ಹೊರಡಲಿಲ್ಲವೆಂದರೆ ನೋವು ಬಹಳವೇ ಇರಬೇಕು. ಸಂಜೆ ಮಾತ್ರ ಗಂಡನ ಪಕ್ಕ ಕುಳಿತು ಕೇಳುವಳು. "ಆ ಮಳಖೇಡದ ಕೋಟಿ ಯಾವ ಅರಸರದ್ರಿ? ಯಾವ ಶತಮಾನ? ಮುಂದ ಯಾರು ಆಳಿದ್ರು? ಇನ್ನೊಮ್ಮೆ ಹೇಳ್ರಿ." ಮಾಸ್ತರರ ಸಿಟ್ಟು ಆಗ ಸ್ವಲ್ಪ ಇಳಿಯುತ್ತಿತ್ತು. ಹೇಳಿದ್ದನ್ನು ಇಷ್ಟು ಗಮನವಿಟ್ಟು ಶಾಲೆಯಲ್ಲೂ ಯಾರೂ ಕೇಳಿರಲಿಲ್ಲ.

ಆದರೆ ಅಳಿಯನ ಮೇಲಿನ ಸಂಶಯ ಇಳಿಯಲಿಲ್ಲ. ನೌಕರಿ ಇರುವವನಿಗೆ ಇಷ್ಟು ರಜೆ ಎಲ್ಲಿಯದು? ಗುಡಿಯಲ್ಲಿ ದೇವರಿಗಿಂತ ಹೆಚ್ಚು ಗಡಿಯಾರ ನೋಡುತ್ತಾನೆ. ಬೇಗ ಮನೆಗೆ ಹೋಗೋಣವೆಂದರೆ ಇನ್ನೊಂದು ಶಾಸನ ತೋರಿಸುತ್ತಾನೆ. ನಾಗಾವಿ ಎಂದರಂತೂ, "ಹಾದಿ ಛಲೋ ಇಲ್ರಿ ಮಾವಾರ," ಎಂದು ಮಾತು ತೇಲಿಸುತ್ತಾನೆ.

ನಿನ್ನೆ ಸಂಜೆ ಪಕ್ಕದ ಮನೆಯ ಮಾಸುಮಬಿ ಬೇಲಿಯಾಚೆಯಿಂದ ಕೇಳಿದ್ದಳು: "ಭಾಮಕ್ಕ ದಿನಾ ಚಿತ್ತಾಪುರದ ಬಸ್ಸಿಗಿ ಹೋಗ್ತಾಳಲ್ರಿ ಮಾಸ್ತರ್ರ, ಆರಾಮದಾಳಿಲ್ಲೋ?"

ಮಾಸ್ತರರು ತಲೆಯಾಡಿಸಿ ಒಳಗೆ ಬಂದಿದ್ದರು. ಚಿತ್ತಾಪುರದಲ್ಲಿ ಆಸ್ಪತ್ರೆಯಿದೆ. ಕೋರ್ಟಿದೆ. ಮಗಳು ತಾಯಿಯನ್ನು ಒಂಟಿಯಾಗಿ ಬಿಟ್ಟು ಅಲ್ಲೇಕೆ ಹೋಗುತ್ತಾಳೆ? ಯಾರನ್ನೂ ಕೇಳಲಿಲ್ಲ. ಕಣ್ಣಾರೆ ನೋಡುವುದೆಂದು ತೀರ್ಮಾನಿಸಿದರು.

ನಾಗಾವಿಯಲ್ಲಿ ಗೋಪಾಲ ಬಿಡಲೊಲ್ಲ. "ಕಂಬ ಎಣಸೂಣ್ರಿ. ಅರವತ್ತವ ಅಂತಾರ." ಎಣಿಸಿದರು. "ತಪ್ಪಿತೇನೋ, ಮತ್ತೊಮ್ಮೆ ಎಣಸೂಣ್ರಿ."

"ಸಾಕು ಮಾಡಪಾ ನಿನ್ನ ನಾಟಕ!" ಮಾಸ್ತರರು ಚಿತ್ತಾಪುರದತ್ತ ದಾಪುಗಾಲು ಹಾಕಿದರು. ಗೋಪಾಲ ಬೇಡಿಕೊಳ್ಳುತ್ತ ಹಿಂದೆ ಓಡಿದ.

ದೂರ ಹೋಗಬೇಕಾಗಲಿಲ್ಲ. ಹೈಸ್ಕೂಲಿನ ಗೇಟಿನ ಮುಂದೆ, ಬೇವಿನ ನೆರಳಲ್ಲಿ, ಮಜ್ಜಿಗೆಯ ತಂಬಿಗೆ ಹಿಡಿದು ಭಾಮಾ ನಿಂತಿದ್ದಳು. ಗೋಡೆಯ ಮೇಲೆ ಬರೆದಿತ್ತು: ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರ.

ಆರು ದಿನ. ಆರು ಪೇಪರು. ಮಾಸ್ತರರಿಗೆ ಎಲ್ಲ ತಿಳಿಯಿತು. ಎರಡು ವರ್ಷದ ಹಿಂದೆ ಮಗಳನ್ನು ಹತ್ತನೆಯ ತರಗತಿಯಿಂದ ಬಿಡಿಸಿ ಮದುವೆ ಮಾಡಿದ್ದವರು ಅವರೇ. ತಮ್ಮನ್ನು ಬಿಸಿಲಲ್ಲಿ ಊರೂರು ಅಲೆಸಿದ್ದು ಇದಕ್ಕೆ!

"ನಮ್ಮ ಮನಿಯಾಗ ಹೆಣ್ಣಮಕ್ಕಳು ಮ್ಯಾಟ್ರಿಕ್ ಕೂಡಂಗಿಲ್ಲ ಅಂದಿದ್ದೆನೋ ಇಲ್ಲೋ?" ಮಾಸ್ತರರು ಮಗಳತ್ತ ಬೆರಳು ಚಾಚಿದರು. "ನನ್ನ ಕಣ್ಣಿಗೆ ಮಣ್ಣು ಹಾಕಿ ಪರೀಕ್ಷಾ ಬರೀತಿ? ಇವನೂ ಅದಕ್ಕ ಕುಣೀತಾನ?"

ಗೋಪಾಲ ತಲೆ ತಗ್ಗಿಸಿದ. ಭಾಮಾ ತಗ್ಗಿಸಲಿಲ್ಲ.

"ನಾ ಅಲ್ಲಪ್ಪಾ," ಎಂದಳು. "ನನಗ ಓದೂದು ಆವಾಗೂ ಬ್ಯಾಡಾಗಿತ್ತು, ಈಗೂ ಬ್ಯಾಡ."

"ಮತ್ತ ಯಾರಿಗೆ ಕಾಯಾಕತ್ತಿದಿ?"

ಒಳಗೆ ಉದ್ದನೆಯ ಗಂಟೆ ಬಾರಿಸಿತು.

ಎರಡು ಜಡೆಯ ಹುಡುಗಿಯರ ಗುಂಪಿನ ನಡುವೆ, ಕಚ್ಚೆ ಸೀರೆ ಉಟ್ಟು, ಪ್ರಶ್ನೆಪತ್ರಿಕೆಯ ಮೇಲೆ ಕಣ್ಣಿಟ್ಟುಕೊಂಡೇ ಬಿರಬಿರನೆ ಮೆಟ್ಟಿಲಿಳಿದು ಬರುತ್ತಿದ್ದಳು, ನಲವತ್ತೇಳರ ರುಕ್ಮಿಣಿಬಾಯಿ.