ಕಿವಿಯೊಳಗಿನ ದನಿ

ಆ ಮುದುಕನನ್ನು ಇವತ್ತು ರಂಗದ ಮೇಲೆ ಬೆತ್ತಲೆ ನಿಲ್ಲಿಸಬೇಕೆಂದು ಫಿರ್ಮಿನ್ ಬೆಳಗಿನ ಬಲಿಪೂಜೆಯಲ್ಲಿ ಮೊಣಕಾಲೂರಿದ್ದಾಗಲೇ ತೀರ್ಮಾನಿಸಿದ್ದ. ಪಾದ್ರಿಗೆ ಮಾತ್ರ ಹೇಳಲಿಲ್ಲ.

ಮುದುಕನೆಂದರೆ ಆನ್ಸೆಲ್ಮ್ ವೊಕ್ಲೇರ್. ಎಂಬತ್ತೊಂದು ವರ್ಷ, ಎಪ್ಪತ್ತು ಸಿನಿಮಾ, ನಾಲ್ಕು ಮದುವೆ. ಪ್ಯಾರಿಸ್ಸಿನ ಗೋಡೆಗಳ ಮೇಲೆಲ್ಲ ಅವನದೇ ಮೂಗು. ಭಾನುವಾರ ಮಧ್ಯಾಹ್ನ ಮೂರರ ಈ ಆಟವೇ ಅವನ ಕೊನೆಯ ಆಟ. ಟೆಲಿವಿಷನ್ನಿನವರು ಕ್ಯಾಮೆರಾ ಹೂಡಿ ಕುಳಿತಿದ್ದರು.

ದೇಶ ಕೊಂಡಾಡುವ ಈ ನಟನಿಗೆ ಒಂದು ಸಾಲೂ ನೆನಪಿರುವುದಿಲ್ಲವೆಂದು ಪರದೆಯ ಹಿಂದೆ ಎಲ್ಲರಿಗೂ ಗೊತ್ತು. ಅವನೇ ನಾಚಿಕೆಯಿಲ್ಲದೆ ಹೇಳಿಕೊಂಡಿದ್ದ. ಮೂರು ವರ್ಷದಿಂದ ಅವನ ಕಿವಿಯಲ್ಲಿ ಕಡಲೆಕಾಳಿನಷ್ಟು ಯಂತ್ರ. ರಂಗದ ಪಕ್ಕದ ಗೂಡಿನಲ್ಲಿ ಕುಳಿತ ಫಿರ್ಮಿನ್ ಮೈಕಿನಲ್ಲಿ ಪ್ರತಿ ಸಾಲನ್ನೂ ಪಿಸುಗುಟ್ಟಬೇಕು. ಒಮ್ಮೆ ಕೂಡಲೇ, ಒಮ್ಮೆ ತಡೆದು, ಅದೇ ಸಾಲು ಮಹಾನಟನ ಬಾಯಿಂದ ಬರುತ್ತಿತ್ತು. ಚಪ್ಪಾಳೆಯೆಲ್ಲ ಅವನಿಗೆ.

ಸೊಕ್ಕಿಗೇನೂ ಕಡಿಮೆಯಿರಲಿಲ್ಲ. ಅಭ್ಯಾಸದಲ್ಲಿ ಯಾರೂ ಅವನಿಗೆ ಬೆನ್ನು ಕೊಟ್ಟು ಮಾತಾಡುವಂತಿಲ್ಲ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಬಾಗಿಲು ಬಡಿದರೆ ಉತ್ತರವಿಲ್ಲ.

ಫಿರ್ಮಿನ್ ಕೂಡ ಒಮ್ಮೆ ನಟನಾಗಿದ್ದ. ಮೂವತ್ತು ವರ್ಷದ ಹಿಂದೆ, ವೊಕ್ಲೇರ್‌ನ ಎದುರಿನಲ್ಲೇ ಸಾಲು ಮರೆತು ಕಲ್ಲಾಗಿ ನಿಂತ. "ಬೆಳಕು ನಿನಗಲ್ಲಪ್ಪಾ, ಪುಸ್ತಕ ಹಿಡಿ," ಎಂದಿದ್ದ ವೊಕ್ಲೇರ್, ಎಲ್ಲರೂ ಕೇಳುವ ಹಾಗೆ. ಮರೆಯಲ್ಲಿ ಕೂತು ಸಾಲು ಹೇಳಿಕೊಡಲು ಅಂದು ಹಿಡಿದ ಪುಸ್ತಕವನ್ನು ಫಿರ್ಮಿನ್ ಇನ್ನೂ ಇಳಿಸಿರಲಿಲ್ಲ.

ಆಟಕ್ಕೆ ಮುನ್ನ ವೊಕ್ಲೇರ್ ನ್ಯಾಯಾಧೀಶನ ಪಾತ್ರದ ನಿಲುವಂಗಿ ಎಳೆದುಕೊಂಡು ಅವನ ಮುಂದೆ ಹಾದುಹೋದ.

"ಹೊರಟಿತು ನೋಡ್ರೀ ಮುದಿ ಗಿಳಿ," ಎಂದ ಫಿರ್ಮಿನ್ ಗಟ್ಟಿಯಾಗಿ. "ಹೇಳ್ಕೊಟ್ರೆ ಹಾಡತ್ತೆ, ಇಲ್ದಿದ್ರೆ ಹಿಕ್ಕೆ ಹಾಕತ್ತೆ."

ವೊಕ್ಲೇರ್ ನಡೆಯುತ್ತಲೇ ಇದ್ದ. ಅವನಿಗೆ ವೇಷ ತೊಡಿಸುವ ಮುದುಕಿ ಗಿಲೇನ್ ಮಾತ್ರ ನಿಂತಳು.

"ಧೈರ್ಯ ಇದ್ರೆ ಎದುರಿಗೆ ನಿಂತು ಹೇಳು."

"ಯಾಕಮ್ಮಾ, ಬೆನ್ನಿಗೆ ಹೇಳಿದ್ರೆ ದೊರೆಗಳಿಗೆ ತಾಗಲ್ವಾ?"

"ತಾಗಲ್ಲ ಕಣೋ. ಗೂಡು ಸೇರ್ಕೋ ಹೋಗು, ಕೋಲು ಕುಟ್ತಾರೀಗ."

ಪದ್ಧತಿಯಂತೆ ಕೋಲು ಮೂರು ಬಾರಿ ನೆಲ ಕುಟ್ಟಿತು. ಪರದೆ ಎದ್ದಿತು.

ಮೂರನೆಯ ಅಂಕದಲ್ಲಿ ನ್ಯಾಯಾಧೀಶ ಮಗಳ ಗೋರಿಯೆದುರು ಒಬ್ಬನೇ ನಿಂತು ಕ್ಷಮೆ ಬೇಡಬೇಕು. ನಲವತ್ತು ಸಾಲು. ಫಿರ್ಮಿನ್ ಮೈಕಿನ ಗುಂಡಿ ಒತ್ತಿ ಆರಿಸಿದ. ಪುಸ್ತಕ ಮುಚ್ಚಿದ. ಈಗ ಬೇಡು, ಎಂದುಕೊಂಡ.

ವೊಕ್ಲೇರ್ ಸುಮ್ಮನೆ ನಿಂತಿದ್ದ. ಒಂದು ಉಸಿರು, ಎರಡು, ಮೂರು. ಸಭೆಯಲ್ಲಿ ಯಾರೋ ಕೆಮ್ಮಿದರು.

ಆಮೇಲೆ ಆ ದನಿ ಎದ್ದಿತು. ಮೊದಲ ಸಾಲು, ಹತ್ತನೆಯದು, ನಲವತ್ತನೆಯದು. ಒಂದು ಪದವೂ ಜಾಗ ತಪ್ಪಲಿಲ್ಲ. ಸಭೆ ಎದ್ದು ನಿಂತಿತು.

ಫಿರ್ಮಿನ್‌ನ ಮೈ ಉರಿಯಿತು. ಮಾತೆಲ್ಲ ಬಾಯಿಪಾಠ! ಹಾಗಿದ್ದೂ ತನ್ನನ್ನು ಮೂರು ವರ್ಷ ನಾಯಿಯ ಹಾಗೆ ಗೂಡಿನಲ್ಲಿ ಕಟ್ಟಿದ್ದ. ಆಟ ಮುಗಿದೊಡನೆ ವೇಷದ ಕೋಣೆಗೆ ನುಗ್ಗಿದ. ವೊಕ್ಲೇರ್ ಬೋಗುಣಿಗೆ ಬಗ್ಗಿ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ.

"ಕಳ್ಳ! ಠಕ್ಕ!"

ಬಗ್ಗಿದ ಬೆನ್ನು ಅಲುಗಲಿಲ್ಲ. ಗಿಲೇನ್ ಫಿರ್ಮಿನ್‌ನನ್ನು ರಟ್ಟೆ ಹಿಡಿದು ಹೊರಗೆಳೆದು ಬಾಗಿಲು ಹಾಕಿದಳು.

"ಸಾಲು ಗೊತ್ತಿದ್ರೆ ನಾನ್ಯಾಕೆ ಬೇಕಿತ್ತು ಇವನಿಗೆ?"

"ಮೂರು ವರ್ಷದ ಹಿಂದೆ ನಿನ್ನ ಹೆಂಡ್ತಿ ಮಣ್ಣಾದ ವಾರ ರಂಗಮಂದಿರದ ಯಜಮಾನ್ರು ನಿನ್ನ ಕೆಲಸ ತೆಗೆಯೋಕೆ ಕಾಗದ ಬರೆಸಿದ್ರು. ಮನೆಯಲ್ಲಿ ಒಬ್ಬನೇ ಕೂತ್ರೆ ಫಿರ್ಮಿನ್ ಉಳಿಯಲ್ಲ ಅಂದ್ರು ನಮ್ಮ ವೊಕ್ಲೇರ್. ನನಗೆ ಮರೆವು, ಫಿರ್ಮಿನ್ ಇಲ್ದೆ ರಂಗ ಹತ್ತಲ್ಲ ಅಂತ ಸುಳ್ಳು ಹೇಳಿದ್ರು."

ಫಿರ್ಮಿನ್ ಗೋಡೆಗೆ ಒರಗಿದ. ಆದರೂ ನಾಲಿಗೆ ಸೋಲಲಿಲ್ಲ.

"ಹಾಗಾದ್ರೆ ಮೂರು ವರ್ಷ ನನ್ನ ದನಿ ಕೇಳ್ತಾ ಒಳಗೊಳಗೇ ನಗ್ತಿದ್ನಾ?"

"ಅವರಿಗೆ ಎರಡು ಕಿವಿಯೂ ಕೇಳದೆ ನಾಲ್ಕು ವರ್ಷ ಆಯ್ತು ಕಣಪ್ಪಾ."