ಪೂರ್ತಿ ಕೆಂಪಾಗುವವರೆಗೆ

ದೊಣ್ಣೆ ಮೆಣಸಿನಕಾಯಿ ಹೆಚ್ಚುವಾಗ ಏಳುವ ಹಸಿ ವಾಸನೆಗೆ ಇವತ್ತಿಗೂ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ.

ಚೆಟ್ಟಳ್ಳಿಯ ನಮ್ಮ ಮನೆಯಲ್ಲಿ ಹೋಂಸ್ಟೇ ಶುರುವಾದ ವರ್ಷ ಅವ್ವ ನನಗೊಂದು ದೊಣ್ಣೆ ಮೆಣಸಿನಕಾಯಿ ಸಸಿ ಕೊಟ್ಟಳು. ಕಾಫಿ ಸಸಿಯ ಪ್ಲಾಸ್ಟಿಕ್ ಚೀಲದಲ್ಲಿ ಅದನ್ನು ನೆಟ್ಟು, ಚಳಿ ಹೊಡೆಯದಿರಲೆಂದು ಸಂಜೆಯಾದರೆ ಬಚ್ಚಲೊಲೆಯ ಪಕ್ಕ ತಂದಿಡುತ್ತಿದ್ದೆ. ಮೊದಲ ಹೂಗಳನ್ನೆಲ್ಲ ಅವ್ವ ನನ್ನ ಕೈಯಲ್ಲೇ ಚಿವುಟಿಸಿದಳು.

"ಒಂದೇ ಕಾಯಿ ಬಿಡು, ದೊಡ್ಡದಾಗ್ತದೆ. ಪೂರ್ತಿ ಕೆಂಪಾದ್ಮೇಲೆ ನೀನೇ ಕುಯ್ಯಿ. ಅಲ್ಲಿವರ್ಗೂ ಯಾರೂ ಮುಟ್ಟಲ್ಲ."

ನಮ್ಮೂರಿನ ಮಂಜಿಗೆ ಆ ಕಾಯಿ ಬೇಗ ಬಣ್ಣ ತಿರುಗಲೇ ಇಲ್ಲ. ಕಾದು ಕಾದು, ಕೊನೆಗೆ ತೊಟ್ಟಿನ ಬಳಿ ಹೆಬ್ಬೆರಳಗಲದ ಹಸಿರು ಮಾತ್ರ ಉಳಿದಿತ್ತು.

ಶನಿವಾರ ಮಧ್ಯಾಹ್ನ ಸ್ಕೂಲಿಂದ ಬಂದಾಗ ಗಿಡದಲ್ಲಿ ಮುರಿದ ತೊಟ್ಟಷ್ಟೇ ಇತ್ತು. ಜಗಲಿಯಲ್ಲಿ ಊಟಕ್ಕೆ ಕುಳಿತಿದ್ದ ಗೆಸ್ಟ್‌ಗಳ ತಟ್ಟೆಯಲ್ಲಿ ಹಸಿರು ಅಂಚಿನ ಕೆಂಪು ಹೋಳುಗಳಿದ್ದವು.

"ಎಷ್ಟು ಸಿಹಿ ಇದೆ, ಯಾರು ಬೆಳೆಸಿದ್ದು?" ಎಂದು ಅವರಲ್ಲೊಬ್ಬ ಹೆಂಗಸು ಕೇಳಿದರು.

ಅವ್ವ ನನ್ನ ತಲೆ ಸವರಿದಳು. "ಇವ್ಳೇ. ನೀವು ಬರ್ತೀರಾ ಅಂತ್ಲೇ ಬೆಳ್ಸಿದ್ದು."

ಆಕೆ ಖುಷಿಯಿಂದ ಒಂದು ಹೋಳು ಎತ್ತಿ ನನ್ನ ಕೈಯಲ್ಲಿಟ್ಟರು. ನಾನು ಅವ್ವನ ಮುಖವನ್ನೇ ನೋಡಿದೆ.

"ಥ್ಯಾಂಕ್ಸ್ ಹೇಳು," ಅಂದಳು ಅವ್ವ.